ಕರಾವಳಿಯಲ್ಲಿ ವ್ಯಾನ್‌ನೊಳಗೇ ವಾಸ: ಗಾಡಿ ಆರಿಸಿದ ಕ್ರಮ

ವರ್ಷಪೂರ್ತಿ ವಾಸಕ್ಕೆ ಗಾಡಿ ಹುಡುಕುವಾಗ ನಾನು ಮೊದಲು ನೋಡಿದ್ದು ಮಾಡು (ಚಾವಣಿ), ಆಮೇಲೆ ಅಡಿಭಾಗ, ಮೂರನೆಯದಾಗಿ ಅದು ಹೊರಬಲ್ಲ ಭಾರ. ಅಡುಗೆಕಟ್ಟೆ ಎಲ್ಲಿ, ಮಂಚ ಎಷ್ಟು ಅಗಲ ಎನ್ನುವುದನ್ನು ಮರದ ಕೆಲಸದವರು ಯಾವ ಗಾಡಿಯಲ್ಲಾದರೂ ಹೊಂದಿಸಿಕೊಡುತ್ತಾರೆ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿಯ (ಜುಲೈ-ಆಗಸ್ಟ್) ಮಳೆಗೆ ಸೋರುವ ಗಾಡಿಯಲ್ಲಿ ಎಷ್ಟು ಚಂದದ ಕಪಾಟು ಮಾಡಿಸಿದರೂ ಎರಡೇ ಮಳೆಗಾಲಕ್ಕೆ ಕಿತ್ತು ಹಾಕಬೇಕಾಗುತ್ತದೆ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಟಾಟಾ ವಿಂಗರ್, ಫೋರ್ಸ್ ಟ್ರಾವೆಲರ್ ಮತ್ತು ಮಿನಿಬಸ್. ವಿಂಗರ್‌ಗೆ ಮುಂದಿನ ಚಕ್ರಗಳ ಎಳೆತ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನೆಲದಡಿ ಇಲ್ಲದ್ದರಿಂದ ನೆಲ ತಗ್ಗಿನಲ್ಲಿದ್ದು ಹತ್ತಿ ಇಳಿಯುವುದು ಸುಲಭ. ಆದರೆ ನೀರಿನ ಟ್ಯಾಂಕು, ಮಂಚ, ಸಾಮಾನು ಎಲ್ಲ ಹಿಂದೆ ಬಿದ್ದರೆ ಮುಂದಿನ ಚಕ್ರ ಹಗುರಾಗಿ, ಒದ್ದೆ ಏರಿನಲ್ಲಿ, ಕಡಲತಡಿಯ ಮರಳಿನಲ್ಲಿ ಸುಮ್ಮನೆ ತಿರುಗುತ್ತದೆ. ಟ್ರಾವೆಲರ್‌ನಲ್ಲಿ ಎಳೆತ ಹಿಂದಿನ ಚಕ್ರಕ್ಕೆ, ಹಾಗಾಗಿ ಅದೇ ಭಾರ ಹಿಡಿತ ಕೊಡುತ್ತದೆ. ಶಾಲೆಗೂ ಟೂರಿಗೂ ಓಡುವ ಗಾಡಿಯಾದ್ದರಿಂದ ಅದರ ಕೆಲಸ ಗೊತ್ತಿರುವ ಮೆಕ್ಯಾನಿಕ್ ಎಲ್ಲ ಊರಲ್ಲೂ ಸಿಗುತ್ತಾರೆ. ಮಿನಿಬಸ್ಸಿನಲ್ಲಿ ಜಾಗ ಧಾರಾಳ, ಆದರೆ ಒಟ್ಟು ತೂಕ 7500 ಕಿಲೋ ದಾಟಿದರೆ ಲಘು ವಾಹನದ ಲೈಸೆನ್ಸ್ ಸಾಲದು. ಮಂಗಳೂರಿನ ಒಳರಸ್ತೆಗಳಲ್ಲೂ ಆಗುಂಬೆಯ 14 ತಿರುವುಗಳಲ್ಲೂ ಅದನ್ನು ತಿರುಗಿಸುವುದು ದೊಡ್ಡ ಕೆಲಸ. ಇಬ್ಬರಿಗೆ ನನ್ನ ಆಯ್ಕೆ 3350 ಮಿ.ಮೀ. ವೀಲ್‌ಬೇಸ್‌ನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಟ್ರಾವೆಲರ್.

ಒಳಗಿನ ಎತ್ತರ ಅಳೆಯುವಾಗ ನೆಲಕ್ಕೂ ಮಾಡಿಗೂ ಸೇರಿ 65ರಿಂದ 75 ಮಿ.ಮೀ. ಕಳೆಯಿರಿ, ಇನ್ಸುಲೇಶನ್, ಪ್ಲೈವುಡ್ ಅಷ್ಟು ಜಾಗ ತಿನ್ನುತ್ತವೆ. ಉಳಿದದ್ದರಲ್ಲಿ ನೆಟ್ಟಗೆ ನಿಲ್ಲಲಾಗದಿದ್ದರೆ ಆ ಗಾಡಿ ಬೇಡ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವಾಗ ಟಾರ್ಚು, ಸ್ಕ್ರೂಡ್ರೈವರು, ಅಯಸ್ಕಾಂತ ಕೈಯಲ್ಲಿರಲಿ. ರಬ್ಬರ್ ಮ್ಯಾಟ್ ಎಬ್ಬಿಸಿ ಸೀಟಿನ ಬೋಲ್ಟ್ ಇಳಿದ ಜಾಗ ನೋಡಿ. ಹಿಂಬಾಗಿಲಿನ ಕೆಳ ಅಂಚು, ಫುಟ್‌ಬೋರ್ಡ್, ಚಕ್ರದ ಕಮಾನು, ಮಾಡಿನ ನೀರು ಹರಿಯುವ ಗಟರ್, ಇವುಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಬೇಕು. ಅಯಸ್ಕಾಂತ ಹಿಡಿಯದಿದ್ದರೆ ಒಳಗೆ ಇರುವುದು ತಗಡಲ್ಲ, ಪುಟ್ಟಿ. ಅಡಿಗೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅನುಮಾನ ಇರಲಿ, ತುಕ್ಕು ಮುಚ್ಚಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಮೀನು ಸಾಗಿಸಿದ ಗಾಡಿಯನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಉಪ್ಪುನೀರು ಅಡಿಭಾಗದ ಪೊಳ್ಳು ಚಾನೆಲ್‌ಗಳೊಳಗೆ ಇಳಿದಿರುತ್ತದೆ. ನೋಡಲು ಒಳ್ಳೆಯ ಕಾಲ ಮಳೆಗಾಲವೇ. ಜಡಿಮಳೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಸಿ, ಒಬ್ಬರು ಹಿಂದೆ ಕೂತು ಟಾರ್ಚು ಹಿಡಿದು ನೋಡಲಿ. ನಿಂತಾಗ ಸೋರದ ಬೀಡಿಂಗ್ (ಬಾಗಿಲು, ಕಿಟಕಿ ಅಂಚಿನ ರಬ್ಬರ್) ಓಡುವಾಗಿನ ಗಾಳಿಯ ಒತ್ತಡಕ್ಕೆ ಸೋರುವುದುಂಟು.

ತುಕ್ಕಿಗೆ ನಾನು ಅನುಸರಿಸಿದ ಕ್ರಮ: ವೈರ್ ಬ್ರಷ್‌ನಿಂದ ಉಜ್ಜಿ, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ) ಹಚ್ಚಿ, ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಕೋಟಿಂಗ್. ಪೊಳ್ಳು ಚಾನೆಲ್‌ಗಳೊಳಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ತುಕ್ಕು ತಡೆಯುವ ಮೇಣ. ನೀರು ಇಳಿಯುವ ಸಣ್ಣ ತೂತುಗಳಿಗೆ ಮೊದಲೇ ಬಿರಡೆ ಹಾಕಿಟ್ಟು, ಕೋಟಿಂಗ್ ಆದ ಮೇಲೆ ತೆಗೆಯಬೇಕು. ಅವು ಮುಚ್ಚಿಹೋದರೆ ನೀರು ಒಳಗೇ ನಿಂತು ತಗಡು ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ.

ಮಾಡಿಗೆ ಒಂದೇ ತೂತು, ಅದೂ ಫ್ಯಾನಿಗೆ, ಎರಡು ಅಡ್ಡಪಟ್ಟಿಗಳ ನಡುವೆ. ಪಟ್ಟಿ ಕತ್ತರಿಸಿದರೆ ಮಾಡು ತಗ್ಗಿ ನೀರು ಅಲ್ಲೇ ನಿಲ್ಲುತ್ತದೆ. ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚಿ, ಪಿಯು (ಪಾಲಿಯುರೆಥೇನ್) ಸೀಲಂಟ್ ಹಾಕಬೇಕು. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ, ಅದರ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಸೋಲಾರ್ ಪ್ಯಾನೆಲ್ಲಿಗೆ ಮಾಡು ಕೊರೆಯದೆ ಗಟರ್‌ಗೆ ಕ್ಲ್ಯಾಂಪ್ ಕೊಟ್ಟು ಅಲ್ಯೂಮಿನಿಯಂ ರೈಲು ಕೂರಿಸಬಹುದು. ಎರಡು ಲೋಹ ನೇರ ತಾಗದಂತೆ ಸ್ಟೀಲ್ ಬೋಲ್ಟಿಗೂ ಅಲ್ಯೂಮಿನಿಯಂಗೂ ನಡುವೆ ನೈಲಾನ್ ವಾಷರ್ ಇರಲಿ. ಈ ವಿಷಯದಲ್ಲಿ ಮಲ್ಪೆಯ, ಮಂಗಳೂರು ಧಕ್ಕೆಯ (ಮೀನುಗಾರಿಕೆ ಬಂದರು) ಬೋಟಿನ ಕೆಲಸದವರಷ್ಟು ತಿಳಿದವರು ಬೇರೆ ಇಲ್ಲ. 316 ದರ್ಜೆಯ ಸ್ಟೀಲ್ ಸ್ಕ್ರೂ, ಫೈಬರ್ ಕೆಲಸ ಎರಡಕ್ಕೂ ಅವರಲ್ಲೇ ಕೇಳಿ.

ಇನ್ನು ಭಾರ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಸಿಗುವುದೇ ನಿಮ್ಮ ಮನೆಯ ಪಾಲು. ನನ್ನ ಲೆಕ್ಕ ಹೀಗೆ: ಇಬ್ಬರು 140 ಕಿಲೋ, ನೀರು 120, ಪ್ಲೈವುಡ್ 250, ಇನ್ಸುಲೇಶನ್ ಮತ್ತು ಪ್ಯಾನೆಲಿಂಗ್ 80, ಬಟ್ಟೆಬರೆ ಪಾತ್ರೆ 150, ಫ್ರಿಜ್, ಬ್ಯಾಟರಿ, ಸೋಲಾರ್, ಗ್ಯಾಸ್ ಎಲ್ಲ ಸೇರಿ 90. ಅಲ್ಲಿಗೆ 830. ಇದರ ಮೇಲೆ ಐದನೇ ಒಂದು ಪಾಲು ಕೈಯಲ್ಲಿರಬೇಕು, ಅಂದರೆ 1000 ಕಿಲೋ. ತೂಕ ಏರುವುದು ಪ್ಲೈವುಡ್‌ನಲ್ಲಿ. 8x4 ಅಡಿಯ 12 ಮಿ.ಮೀ. ಹಾಳೆ ಸುಮಾರು 25 ಕಿಲೋ, 18 ಮಿ.ಮೀ.ನದ್ದು 35ಕ್ಕೂ ಮೇಲೆ. ಮನೆಯ ಕಪಾಟು ಮಾಡುವವರು ಅಭ್ಯಾಸಬಲದಿಂದ 18 ಹಾಕಿಬಿಡುತ್ತಾರೆ. ಐಎಸ್ 710 ಗುರುತಿನ ಮೆರೈನ್ ಪ್ಲೈ 12 ಮಿ.ಮೀ. ಸಾಕು, ಅಂಚುಗಳಿಗೆ ಎಪಾಕ್ಸಿ ಹಚ್ಚಿ. ನೀರಿನ ಟ್ಯಾಂಕು ಎರಡು ಆಕ್ಸಲ್‌ಗಳ ನಡುವೆ ಇರಲಿ. ಕೆಲಸ ಮುಗಿದು ಎಲ್ಲ ತುಂಬಿದ ಮೇಲೆ ವೇ ಬ್ರಿಡ್ಜ್‌ನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆಬೇರೆಯಾಗಿ ತೂಗಿಸಿ.

ಗೋಡೆಗೆ ಗ್ಲಾಸ್ ವೂಲ್ ತುಂಬಿಸಬೇಡಿ. ನಮ್ಮ ಹವೆಗೆ ಅದು ತೇವ ಹೀರಿ ಬೂಷ್ಟು ಹಿಡಿಯುತ್ತದೆ. 19 ಅಥವಾ 25 ಮಿ.ಮೀ. ನೈಟ್ರೈಲ್ ರಬ್ಬರ್ ಹಾಳೆಯನ್ನು ತಗಡಿಗೆ ಸಂದಿಲ್ಲದಂತೆ ಅಂಟಿಸುವುದು ಒಳ್ಳೆಯದು. ಕಪಾಟಿನ ಹಿಂದೆ ಒಂದಿಂಚು ಬಿಟ್ಟು ಗಾಳಿ ಆಡುವಂತೆ ಮಾಡಿದರೆ ಬಟ್ಟೆ ಉಳಿಯುತ್ತದೆ.

ಕರೆಂಟಿನ ಲೆಕ್ಕವನ್ನು ಜುಲೈಗೆ ಹಾಕಿ, ಫೆಬ್ರವರಿಗಲ್ಲ. 45 ವ್ಯಾಟಿನ ಫ್ರಿಜ್ ಅರ್ಧ ಹೊತ್ತು ಓಡಿದರೆ ದಿನಕ್ಕೆ 540 ವ್ಯಾಟ್-ಅವರ್. 28 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ಎಳೆಯುವ) ಫ್ಯಾನ್ 12 ಗಂಟೆಗೆ 336, ಲ್ಯಾಪ್‌ಟಾಪ್ 300, ದೀಪ, ಫೋನು 80. ಒಟ್ಟು 1250ರ ಆಸುಪಾಸು. 12.8 ವೋಲ್ಟ್ 200 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ ಇದಕ್ಕೆ ಒಂದೂವರೆ ದಿನ ಬರುತ್ತದೆ. 400 ವ್ಯಾಟಿನ ಪ್ಯಾನೆಲ್ ಬಿಸಿಲಿದ್ದಾಗ ಅಷ್ಟನ್ನೂ ತುಂಬುತ್ತದೆ, ಮೋಡ ಕವಿದ ದಿನ ಕಾಲು ಭಾಗವೂ ಕಷ್ಟ. ಆಗ ಕೈಹಿಡಿಯುವುದು ಗಾಡಿ ಓಡುವಾಗ ಇಂಜಿನ್ನಿನ ಕರೆಂಟನ್ನು ಮಿತಿಯಲ್ಲಿ ಬ್ಯಾಟರಿಗೆ ತುಂಬುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್, ಒಂದು ಗಂಟೆ ಓಡಿಸಿದರೆ ಸುಮಾರು 400 ವ್ಯಾಟ್-ಅವರ್. ಅದರ ಬದಲು ಬರೀ ರಿಲೇ (ಒಂದು ಬಗೆಯ ಸ್ವಿಚ್ಚು) ಹಾಕಿದರೆ ಲಿಥಿಯಂ ಬ್ಯಾಟರಿ ಮಿತಿಮೀರಿ ಎಳೆದು, ಇಂಜಿನ್ನಿನಿಂದ ಕರೆಂಟು ಮಾಡುವ ಆಲ್ಟರ್ನೇಟರ್ ಸುಟ್ಟೀತು. ನಿಲ್ಲಿಸಿ ಇಂಜಿನ್ ಐಡಲ್‌ನಲ್ಲಿ ಓಡಿಸಿ ಚಾರ್ಜ್ ಮಾಡುವ ಅಭ್ಯಾಸವೂ ಬೇಡ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಗಾಡಿಯಲ್ಲಿ ಮಸಿ ಕಟ್ಟುತ್ತದೆ, ಅದು ಸುಟ್ಟುಹೋಗಲು ಹೆದ್ದಾರಿಯ ಓಟವೇ ಬೇಕು.

ಗ್ಯಾಸಿಗೆ 5 ಕಿಲೋ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಆದ್ದರಿಂದ ಸಿಲಿಂಡರ್ ಗೂಡಿನ ತಳದಿಂದ ನೇರ ಹೊರಗೆ ತೂತು ಕಡ್ಡಾಯ.

ಇಷ್ಟಕ್ಕೂ ಮೊದಲು ಆರ್‌ಟಿಒ ಕೆಲಸ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಗಾಡಿಯ ಮಾರ್ಪಾಡಿಗೆ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕು. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವಿದೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವರ್ಗಕ್ಕೆ ಸೇರುತ್ತದೆ. ಹಳದಿ ಬೋರ್ಡಿನ ಟೂರಿಸ್ಟ್ ಗಾಡಿ ಕೊಳ್ಳುವುದಾದರೆ ತೆರಿಗೆ ಬಾಕಿಯಿಲ್ಲದ್ದು, ಪರ್ಮಿಟ್ ಒಪ್ಪಿಸಿದ್ದು ಮಾರುವವರ ಹೆಸರಿನಲ್ಲಿದ್ದಾಗಲೇ ಆಗಬೇಕು. ಆರ್‌ಸಿಯಲ್ಲಿ ಬದಲಾವಣೆ ದಾಖಲಾದ ಮೇಲೆ ವಿಮೆಯಲ್ಲೂ ಅದನ್ನೇ ಬರೆಸಿ. ಇಲ್ಲವಾದರೆ ಅಪಘಾತವಾದಾಗ ಕ್ಲೇಮಿಗೆ ತಕರಾರು ಬರುತ್ತದೆ.