ಇಪ್ಪತ್ತೈದು ಸ್ನ್ಯಾಪ್‌ಗಳ ವ್ಯಾಪಾರ: ಎನ್‌ಎಫ್‌ಎಲ್ ತಂಡ ಅನುಭವಿ ಲೈನ್‌ಮನ್‌ನನ್ನು ಸೇರಿಸಿಕೊಳ್ಳುವುದು ಹೇಗೆ?

2022ರ ನವೆಂಬರ್ 14ರ ಸೋಮವಾರ ರಾತ್ರಿ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ, ಫಿಲಡೆಲ್ಫಿಯಾ ಈಗಲ್ಸ್ ತಂಡ ಆ ಋತುವಿನ ಮೊದಲ ಸೋಲನ್ನು ಕಂಡಿತು. ಅಲ್ಲಿಯವರೆಗೆ ಆಡಿದ ಎಂಟೂ ಪಂದ್ಯಗಳನ್ನು ಗೆದ್ದಿದ್ದ ತಂಡವನ್ನು ವಾಷಿಂಗ್ಟನ್ ಕಮಾಂಡರ್ಸ್ 32–21ರಿಂದ ಮಣಿಸಿತು. ವಾಷಿಂಗ್ಟನ್ ಮಾಡಿದ್ದು ತೀರಾ ಸರಳವಾದ ಕೆಲಸ: ಚೆಂಡು ಹಿಡಿದು ಓಡುವ ಆಟವನ್ನು 49 ಬಾರಿ ಆಡಿತು, 60 ನಿಮಿಷಗಳ ಪಂದ್ಯದಲ್ಲಿ 40 ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ತನ್ನ ಬಳಿಯೇ ಇಟ್ಟುಕೊಂಡಿತು. ಆ 49 ಓಟಗಳಿಂದ ಬಂದದ್ದು 152 ಯಾರ್ಡ್, ಅಂದರೆ ಓಟವೊಂದಕ್ಕೆ ಮೂರು ಯಾರ್ಡ್‌ಗಿಂತ ತುಸು ಹೆಚ್ಚು. ಈ ಸರಾಸರಿ ಸಾಧಾರಣವೇ. ಈಗಲ್ಸ್‌ನ ಮುಂಚೂಣಿಯವರನ್ನು ಹಣ್ಣು ಮಾಡಿದ್ದು ಓಟಗಳ ಸಂಖ್ಯೆ. ಇದಕ್ಕೆ ಹದಿನೈದು ದಿನ ಮೊದಲು, ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧದ ಪಂದ್ಯದಲ್ಲಿ, ಆ ಸಾಲಿನ ನಡುಗಂಬದಂತಿದ್ದ ಜೋರ್ಡನ್ ಡೇವಿಸ್ ಕಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗುಳಿದಿದ್ದರು.

ಸೋಲಿನ ನಂತರದ ಮೂರು ದಿನಗಳೊಳಗೆ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಇಬ್ಬರು ಹಿರಿಯರನ್ನು ಕರೆತಂದರು: 34 ವರ್ಷದ ಲಿನ್‌ವಲ್ ಜೋಸೆಫ್ ಮತ್ತು 35 ವರ್ಷದ ಎನ್‌ಡಾಮುಕಾಂಗ್ ಸೂ. ಇಬ್ಬರೂ 2010ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆಯಲ್ಲಿ, ಲೀಗ್‌ಗೆ ಬಂದವರು, ಇಬ್ಬರೂ ಆ ಋತುವಿನಲ್ಲಿ ಅಲ್ಲಿಯವರೆಗೆ ಯಾವ ತಂಡದಲ್ಲಿಯೂ ಇರಲಿಲ್ಲ. ಅನುಭವಿ ಡಿಫೆನ್ಸಿವ್ ಲೈನ್‌ಮನ್‌ನನ್ನು ಸೇರಿಸಿಕೊಳ್ಳುವ ಕ್ರಮವನ್ನು ತಿಳಿಯಲು ಈ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಈ ಆಟವನ್ನು ಅಪರೂಪಕ್ಕೆ ನೋಡುವವರಿಗೆ ಒಂದು ಮಾತು. ಚೆಂಡು ಎದುರಾಳಿಗಳ ಕೈಯಲ್ಲಿದ್ದಾಗ ಅವರ ಎದುರಿಗೆ ಬಾಗಿ, ನೆಲಕ್ಕೆ ಕೈಯೂರಿ ನಿಲ್ಲುವ ಮೂವರು ಅಥವಾ ನಾಲ್ವರು ಭಾರೀ ದೇಹದವರೇ ಡಿಫೆನ್ಸಿವ್ ಲೈನ್‌ಮನ್‌ಗಳು. ಚೆಂಡು ಹಿಂದಕ್ಕೆ ಚಿಮ್ಮುವ ಪ್ರತಿಯೊಂದು ಸಲವನ್ನೂ ಸ್ನ್ಯಾಪ್ ಎನ್ನುತ್ತಾರೆ. ಒಂದು ಪಂದ್ಯದಲ್ಲಿ ರಕ್ಷಣಾ ಪಡೆ ಸುಮಾರು 60ರಿಂದ 70 ಸ್ನ್ಯಾಪ್ ಎದುರಿಸುತ್ತದೆ. 140–150 ಕಿಲೋ ತೂಕದ ಮನುಷ್ಯ ಅಷ್ಟನ್ನೂ ಒಂದೇ ಬಿರುಸಿನಿಂದ ಆಡಲಾರ. ಆದ್ದರಿಂದಲೇ ಈ ಸಾಲಿನಲ್ಲಿ ಆಟಗಾರರು ಸರದಿಯ ಮೇಲೆ ಒಳಹೊರಗೆ ಓಡಾಡುತ್ತಿರುತ್ತಾರೆ.

ಕೊರತೆಯನ್ನು ಸ್ನ್ಯಾಪ್‌ಗಳಲ್ಲಿ ಅಳೆಯುವುದು

ಮೊದಲ ಹೆಜ್ಜೆ ಮಾರುಕಟ್ಟೆಯತ್ತ ನೋಡುವುದಲ್ಲ, ಮನೆಯ ಲೆಕ್ಕ ಹಾಕುವುದು. ಯಾವ ಡೌನ್‌ನಲ್ಲಿ (ಹತ್ತು ಯಾರ್ಡ್ ಮುನ್ನಡೆಯಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಪ್ರತಿಯೊಂದೂ ಒಂದು ಡೌನ್), ಎದುರಾಳಿ ಯಾವ ಬಗೆಯ ಆಟ ಆಡುವಾಗ ಸಾಲು ಕುಸಿಯುತ್ತಿದೆ? ಓಟವನ್ನು ತಡೆಯಲು ಜನ ಬೇಕೋ, ಮೂರನೆಯ ಡೌನ್‌ನಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಲು ಬೇಕೋ? ಈ ಪ್ರಶ್ನೆಗಳಿಗೆ ‘ಪಂದ್ಯಕ್ಕೆ ಇಪ್ಪತ್ತು–ಇಪ್ಪತ್ತೈದು ಸ್ನ್ಯಾಪ್, ಹೆಚ್ಚಾಗಿ ಮೊದಲ ಮತ್ತು ಎರಡನೆಯ ಡೌನ್’ ಎಂಬಷ್ಟು ಖಚಿತವಾದ ಉತ್ತರ ಸಿಕ್ಕ ಮೇಲಷ್ಟೇ ದೂರವಾಣಿಯನ್ನು ಕೈಗೆತ್ತಿಕೊಳ್ಳಬೇಕು. ಈಗಲ್ಸ್ ಬಳಿ ಫ್ಲೆಚರ್ ಕಾಕ್ಸ್ ಮತ್ತು ಜಾವೋನ್ ಹಾರ್‌ಗ್ರೇವ್ ಇದ್ದರು. ಅವರಿಗೆ ಬೇಕಿದ್ದದ್ದು ಮತ್ತೊಬ್ಬ ತಾರೆಯಲ್ಲ, ಇವರಿಬ್ಬರೂ ಕುಳಿತು ಉಸಿರು ತಿರುಗಿಸಿಕೊಳ್ಳುವಷ್ಟು ಹೊತ್ತು ಜಾಗ ಬಿಟ್ಟುಕೊಡದೆ ನಿಲ್ಲುವ ದೇಹಗಳು.

ನಿಲ್ಲುವ ಜಾಗ ಯಾವುದು?

ಹೊರಗಿನಿಂದ ನೋಡುವವರಿಗೆ ಎಲ್ಲ ಲೈನ್‌ಮನ್‌ಗಳೂ ಒಂದೇ ಬಗೆಯವರಂತೆ ಕಾಣುತ್ತಾರೆ, ಆದರೆ ತರಬೇತುದಾರರು ಅವರು ನಿಲ್ಲುವ ಜಾಗವನ್ನು ಅಂಕಿಗಳಿಂದ ಗುರುತಿಸುತ್ತಾರೆ. ಚೆಂಡನ್ನು ಹಿಂದಕ್ಕೆ ಚಿಮ್ಮಿಸುವ ಎದುರಾಳಿಯ ಸೆಂಟರ್‌ನ ಮೂಗಿಗೆ ನೇರವಾಗಿ ನಿಲ್ಲುವುದು ಸೊನ್ನೆ. ಆತನ ಒಂದು ಭುಜದ ಎದುರು ನಿಂತರೆ ಒಂದು. ಸೆಂಟರ್‌ನ ಪಕ್ಕದ ಗಾರ್ಡ್‌ನ ಹೊರಭುಜದ ಎದುರು ಮೂರು. ಗಾರ್ಡ್‌ನಾಚೆಯ ಟ್ಯಾಕಲ್‌ನ ಹೊರಭುಜದ ಎದುರು ಐದು. ಸೊನ್ನೆಯಲ್ಲಿ ನಿಲ್ಲುವವನ ಕೆಲಸ, ತನ್ನ ಮೇಲೆ ಇಬ್ಬರು ಒಟ್ಟಿಗೆ ಬಿದ್ದರೂ ಹಿಂದೆ ಸರಿಯದೆ ಎರಡೂ ಬದಿಯ ಸಂದುಗಳನ್ನು ಕಾಯುವುದು. ಮೂರರಲ್ಲಿ ನಿಲ್ಲುವವನ ಕೆಲಸ, ಒಂದೇ ಸಂದನ್ನು ಆರಿಸಿಕೊಂಡು ಅದರೊಳಗೆ ಬಾಣದಂತೆ ನುಗ್ಗುವುದು. ಮೊದಲನೆಯವನಿಗೆ ಸಹನೆ ಬೇಕು, ಎರಡನೆಯವನಿಗೆ ಆತುರವೇ ಬಂಡವಾಳ.

ಈ ವ್ಯತ್ಯಾಸವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಲ್ಬರ್ಟ್ ಹೇನ್ಸ್‌ವರ್ತ್ ಅವರ ಒಪ್ಪಂದ ಇಂದಿಗೂ ಉದಾಹರಣೆಯಾಗಿದೆ. ಟೆನೆಸ್ಸಿ ಟೈಟನ್ಸ್ ತಂಡದಲ್ಲಿ ಸಂದು ಸೀಳಿ ನುಗ್ಗುವ ಆಟದಿಂದ ಹೆಸರು ಮಾಡಿದ ಅವರಿಗೆ 2009ರಲ್ಲಿ ವಾಷಿಂಗ್ಟನ್ ತಂಡ ಏಳು ವರ್ಷಗಳಿಗೆ 10 ಕೋಟಿ ಡಾಲರ್‌ಗಳ ಒಪ್ಪಂದ ನೀಡಿತು, ಅದರಲ್ಲಿ 4.1 ಕೋಟಿ ಖಾತ್ರಿ ಹಣ. ಮರುವರ್ಷವೇ ತರಬೇತುದಾರರು ಬದಲಾದರು, ಮೂವರ ಸಾಲಿನ ವ್ಯೂಹ ಬಂತು, ಅವರನ್ನು ನಡುವೆ ನಿಲ್ಲಿಸುವ ಯೋಚನೆ ಬಂತು, ಮನಸ್ತಾಪವೂ ಬೆಳೆಯಿತು. 2011ರಲ್ಲಿ ಅವರು ನ್ಯೂ ಇಂಗ್ಲೆಂಡ್ ತಂಡಕ್ಕೆ ವರ್ಗವಾದರು. ತಪ್ಪು ಯಾರದೆಂಬ ಚರ್ಚೆಗೆ ಕೊನೆಯಿಲ್ಲ. ಆದರೆ ವ್ಯೂಹ ಇನ್ನೆಷ್ಟು ದಿನ ಹೀಗೆಯೇ ಇರುತ್ತದೆ ಎಂದು ಯೋಚಿಸದೆ ಏಳು ವರ್ಷಗಳ ಕಾಗದಕ್ಕೆ ಸಹಿ ಹಾಕಿದ್ದು ತಂಡದ ಕಚೇರಿಯೇ ಹೊರತು ಆಟಗಾರನಲ್ಲ ಎಂಬುದು ನನ್ನ ಅಭಿಪ್ರಾಯ.

ವಿಡಿಯೊ ನೋಡುವ ಬಗೆ

ಇದನ್ನು ಬೇಗ ಹೇಳಿ ಮುಗಿಸಬಹುದು. ಆಯ್ದ ದೃಶ್ಯಗಳ ತುಣುಕುಗಳನ್ನು ಬದಿಗಿಟ್ಟು, ಆಟಗಾರ ಕೊನೆಯದಾಗಿ ಆಡಿದ ನಾಲ್ಕೈದು ಪಂದ್ಯಗಳ ಕೊನೆಯ ಭಾಗವನ್ನು ನೋಡಬೇಕು. ದಣಿದ ಲೈನ್‌ಮನ್ ಚೆಂಡು ಚಿಮ್ಮಿದೊಡನೆ ನೆಟ್ಟಗೆ ಎದ್ದು ನಿಲ್ಲುತ್ತಾನೆ. ಎದ್ದು ನಿಂತವನನ್ನು ತಳ್ಳುವುದು ಸುಲಭ. ಸೊಂಟ ಬಾಗಿಯೇ ಇದೆಯೇ, ಇಬ್ಬರು ಮೈಮೇಲೆ ಬಿದ್ದಾಗ ಕಾಲು ಎಲ್ಲಿ ಊರುತ್ತದೆ ಎಂಬುದನ್ನು ಗಮನಿಸಿದರೆ ವಯಸ್ಸಿನ ನಿಜವಾದ ಲೆಕ್ಕ ಸಿಗುತ್ತದೆ. ಸ್ಯಾಕ್‌ಗಳ, ಅಂದರೆ ಚೆಂಡೆಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ ಸಲಗಳ ಸಂಖ್ಯೆಯಿಂದ ಇದು ತಿಳಿಯುವುದಿಲ್ಲ. ನಡುವೆ ನಿಲ್ಲುವವನು ಚೆನ್ನಾಗಿ ಆಡಿದಾಗ ಅಂಕಪಟ್ಟಿಯಲ್ಲಿ ಹೆಸರು ಬರುವುದು ಅವನ ಹಿಂದೆ ನಿಂತ ಲೈನ್‌ಬ್ಯಾಕರ್‌ನದು.

ಯಾವಾಗ ಕೊಳ್ಳಬೇಕು?

ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಋತುಗಳನ್ನು ಪೂರೈಸಿ, ಒಪ್ಪಂದ ಮುಗಿದ ಆಟಗಾರ ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರ. ಲೀಗ್‌ನ ಹೊಸ ವರ್ಷ ಮಾರ್ಚ್ ಮಧ್ಯದಲ್ಲಿ ಆರಂಭವಾಗುತ್ತದೆ, ಅದಕ್ಕೆ ಎರಡು ದಿನ ಮೊದಲು ಏಜೆಂಟರೊಂದಿಗೆ ಮಾತುಕತೆಗೆ ಅವಕಾಶವಿರುತ್ತದೆ. ಸ್ಪರ್ಧೆ ಬಿಸಿಯಾಗಿರುವ ಈ ದಿನಗಳಲ್ಲಿ ಬೆಲೆಯೂ ಬಿಸಿಯಾಗಿಯೇ ಇರುತ್ತದೆ.

ಕಾಯುವ ತಂಡಕ್ಕೆ ಎರಡು ಲಾಭಗಳಿವೆ. ಮಾರ್ಚ್‌ನಲ್ಲಿ ಸ್ವತಂತ್ರ ಆಟಗಾರರನ್ನು ಕಳೆದುಕೊಂಡ ತಂಡಗಳಿಗೆ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಪರಿಹಾರವಾಗಿ ಹೆಚ್ಚುವರಿ ಆಯ್ಕೆಗಳು ದೊರೆಯಬಹುದು, ಆದರೆ ಅದೇ ತಂಡ ಅಂಥದೇ ಆಟಗಾರನನ್ನು ಹೊರಗಿನಿಂದ ಕೊಂಡರೆ ಆ ಪರಿಹಾರ ಕರಗಿಹೋಗುತ್ತದೆ. ಏಪ್ರಿಲ್ ಕೊನೆಯ ಡ್ರಾಫ್ಟ್ ಮುಗಿದ ಬಳಿಕದ ಸೋಮವಾರದ ಗಡುವು ದಾಟಿದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಹಳೆಯ ತಂಡವೇ ಕೈಬಿಟ್ಟ ಆಟಗಾರನಾದರೆ ಮಾರ್ಚ್‌ನಲ್ಲಿಯೂ ಅನ್ವಯಿಸುವುದಿಲ್ಲ. ಎರಡನೆಯ ಲಾಭ ಸೆಪ್ಟೆಂಬರ್‌ನಲ್ಲಿ ಸಿಗುತ್ತದೆ. ಅನುಭವಿ ಆಟಗಾರ ಮೊದಲ ವಾರದ ಪಟ್ಟಿಯಲ್ಲಿದ್ದರೆ ಆ ಋತುವಿನ ಅವನ ಮೂಲ ಸಂಬಳ ಬಹುಮಟ್ಟಿಗೆ ಖಾತ್ರಿಯಾದಂತೆ. ಆ ವಾರ ಕಳೆದ ಮೇಲೆ ಬಂದವನಿಗೆ ಅಷ್ಟು ರಕ್ಷಣೆಯಿಲ್ಲ. ಎರಡನೆಯ ವಾರದಲ್ಲಿ ಹಳೆಯ ಹೆಸರುಗಳು ಒಮ್ಮೆಲೇ ಸುದ್ದಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಋತುವಿನ ನಡುವೆ ಮತ್ತೊಂದು ಗೆರೆಯಿದೆ. ತಂಡಗಳ ನಡುವಿನ ವಿನಿಮಯದ ಗಡುವಿಗೆ ಮುಂಚೆ ಕೈಬಿಟ್ಟ ಅನುಭವಿ ಆಟಗಾರ ತನಗೆ ಬೇಕಾದಲ್ಲಿಗೆ ಹೋಗಬಹುದು. ಗಡುವಿನ ನಂತರ ಕೈಬಿಟ್ಟವನು ವೇವರ್ ಪಟ್ಟಿಗೆ ಬೀಳುತ್ತಾನೆ, ಅಲ್ಲಿ ಕೆಳಗಿನ ಸ್ಥಾನದಲ್ಲಿರುವ ತಂಡಗಳಿಗೇ ಮೊದಲ ಹಕ್ಕು. ಸೂ ಮತ್ತು ಜೋಸೆಫ್ ಯಾರಿಂದಲೂ ಬಿಡುಗಡೆಯಾದವರಲ್ಲ, ಮನೆಯಲ್ಲಿದ್ದವರು. ಹಾಗಾಗಿ ಲೀಗ್‌ನ ಅಗ್ರ ತಂಡವಾಗಿದ್ದ ಈಗಲ್ಸ್‌ಗೆ ಈ ಗೆರೆ ಅಡ್ಡಬರಲಿಲ್ಲ.

ಹಾಸಿಗೆ ಎಷ್ಟು, ಕಾಲು ಎಷ್ಟು

ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೂ ಒಂದು ಥೈಲಿ ಇರುವಂತೆ ಎನ್‌ಎಫ್‌ಎಲ್‌ನ 32 ತಂಡಗಳಿಗೂ ಸ್ಯಾಲರಿ ಕ್ಯಾಪ್, ಅಂದರೆ ಆಟಗಾರರ ಮೇಲಿನ ವಾರ್ಷಿಕ ವೆಚ್ಚಕ್ಕೆ ಮಿತಿ ಇದೆ. 2022ರಲ್ಲಿ ಅದು 20.82 ಕೋಟಿ ಡಾಲರ್ ಇತ್ತು, 2025ರಲ್ಲಿ 27.92 ಕೋಟಿಗೆ ಏರಿತು. ಇಲ್ಲಿ ಹರಾಜಿಲ್ಲ, ಚೌಕಾಸಿಯಿದೆ. ಮತ್ತು ಕೊಟ್ಟ ಹಣ ಬೇರೆ, ಕ್ಯಾಪ್‌ನಲ್ಲಿ ಬರೆಯುವ ಹಣ ಬೇರೆ.

ಅನುಭವಿಗೆ ಅವನ ಅನುಭವವೇ ಮುಳುವಾಗಬಾರದೆಂದು ಲೀಗ್ ಒಂದು ಏರ್ಪಾಡು ಮಾಡಿದೆ. ಏಳು ಅಥವಾ ಅದಕ್ಕಿಂತ ಹೆಚ್ಚು ಋತುಗಳನ್ನು ಆಡಿದವನ ಕನಿಷ್ಠ ಸಂಬಳ 2025ರಲ್ಲಿ 12.55 ಲಕ್ಷ ಡಾಲರ್. ಎರಡು ಋತು ಆಡಿದವನದು 10.30 ಲಕ್ಷ. ಇಷ್ಟು ವ್ಯತ್ಯಾಸವಿದ್ದರೆ ತಂಡಗಳು ಕಿರಿಯನನ್ನೇ ಆರಿಸಿಕೊಂಡಾವು. ಆದ್ದರಿಂದ ಹಿರಿಯನಿಗೆ ಒಂದು ವರ್ಷದ ಕನಿಷ್ಠ ಸಂಬಳದ ಒಪ್ಪಂದ ನೀಡಿದರೆ, ಆತನ ಕೈಗೆ ಪೂರ್ತಿ 12.55 ಲಕ್ಷ ಹೋದರೂ ಕ್ಯಾಪ್‌ನಲ್ಲಿ 10.30 ಲಕ್ಷವಷ್ಟೇ ಲೆಕ್ಕಕ್ಕೆ ಬರುತ್ತದೆ. ಸಂಬಳ ವಾರದ ಲೆಕ್ಕದಲ್ಲಿ ಸಿಗುವುದರಿಂದ ತಡವಾಗಿ ಬಂದವನ ಖರ್ಚು ಇನ್ನೂ ಇಳಿಯುತ್ತದೆ. 2022ರಲ್ಲಿ ಹಿರಿಯರ ಕನಿಷ್ಠ ಸಂಬಳ 11.20 ಲಕ್ಷ ಡಾಲರ್ ಇತ್ತು. 18 ವಾರಗಳಲ್ಲಿ ಎಂಟು ಮಾತ್ರ ಉಳಿದಿರುವಾಗ ಬಂದವನಿಗೆ ಆ ದರದಲ್ಲಿ ಸಲ್ಲಬೇಕಾದ್ದು ಸುಮಾರು ಐದು ಲಕ್ಷ.

ಕನಿಷ್ಠಕ್ಕಿಂತ ಹೆಚ್ಚು ಕೊಡಬೇಕಾಗಿ ಬಂದಾಗ ಲೇಖನಿಯ ಚಮತ್ಕಾರ ಶುರುವಾಗುತ್ತದೆ. ಒಂದು ವರ್ಷಕ್ಕೆ 50 ಲಕ್ಷ ಡಾಲರ್ ಕೊಡಬೇಕೆಂದುಕೊಳ್ಳೋಣ. ಅದರಲ್ಲಿ 12 ಲಕ್ಷವನ್ನು ಸಂಬಳವೆಂದೂ 38 ಲಕ್ಷವನ್ನು ಸಹಿ ಬೋನಸ್ ಎಂದೂ ಬರೆದು, ಆಟಗಾರ ಎಂದೂ ಆಡದ ನಾಲ್ಕು ಖಾಲಿ ವರ್ಷಗಳನ್ನು ಒಪ್ಪಂದದ ಬಾಲಕ್ಕೆ ಕಟ್ಟಬಹುದು. ಬೋನಸ್ ಐದು ವರ್ಷಗಳಿಗೆ ಹಂಚಿಹೋಗುವುದರಿಂದ ಮೊದಲ ವರ್ಷ ಕ್ಯಾಪ್‌ನಲ್ಲಿ ಕಾಣುವುದು 12 ಲಕ್ಷಕ್ಕೆ 7.6 ಲಕ್ಷ ಸೇರಿ 19.6 ಲಕ್ಷ. ಉಳಿದ 30.4 ಲಕ್ಷ, ಒಪ್ಪಂದ ರದ್ದಾದ ಮುಂದಿನ ವರ್ಷ ಒಂದೇ ಏಟಿಗೆ ಬಂದು ಕೂರುತ್ತದೆ, ಆಗ ಆಟಗಾರ ಮೈದಾನದಲ್ಲಿ ಇಲ್ಲದೆಯೂ ಇರಬಹುದು. ಖಾಲಿ ವರ್ಷ ಎಂಬುದು ಸಾಲಕ್ಕಿಟ್ಟ ಸಭ್ಯ ಹೆಸರು. ಈ ಋತುವಿನಲ್ಲಿಯೇ ಪ್ರಶಸ್ತಿಯ ಹತ್ತಿರವಿರುವ ತಂಡ ಈ ಸಾಲ ಮಾಡಿದರೆ ಅರ್ಥವಿದೆ. ಐದು ಪಂದ್ಯ ಗೆಲ್ಲಲು ಏದುಸಿರು ಬಿಡುವ ತಂಡ ಮಾಡಿದರೆ ಇಲ್ಲ.

ಹಿರಿಯ ಲೈನ್‌ಮನ್ ವಿಷಯದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಸಾಧನಗಳು ಎರಡು. ಒಂದು, ಪಂದ್ಯವೊಂದಕ್ಕೆ ಇಷ್ಟು ಎಂದು ಕೊಡುವ ಹಾಜರಿ ಬೋನಸ್. ಮಂಡಿ ಕೈಕೊಟ್ಟರೆ ತಂಡದ ನಷ್ಟ ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು, ಸಾಧನೆಯ ಬೋನಸ್. ಹಿಂದಿನ ಋತುವಿನಲ್ಲಿ ನಾಲ್ಕು ಸ್ಯಾಕ್ ಮಾಡಿದವನಿಗೆ ‘ಆರು ಮಾಡಿದರೆ ಇಷ್ಟು’ ಎಂದು ಬರೆದರೆ, ಅದು ಸಂಭವನೀಯವಲ್ಲದ ಗುರಿ ಎಂದು ಪರಿಗಣಿತವಾಗಿ ಈ ವರ್ಷದ ಕ್ಯಾಪ್‌ಗೆ ಬರುವುದಿಲ್ಲ; ಅವನು ಸಾಧಿಸಿಬಿಟ್ಟರೆ ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತದೆ.

ಮಾತುಕತೆ

ಏಜೆಂಟರು ಆಟಗಾರರ ಸಂಘದಿಂದ ಮಾನ್ಯತೆ ಪಡೆದವರಾಗಿರಬೇಕು, ಒಪ್ಪಂದದ ಮೇಲೆ ಅವರ ಪಾಲು ಶೇ 3ನ್ನು ಮೀರುವಂತಿಲ್ಲ. ಹಣದ ಆಚೆಗೆ ಹಿರಿಯ ಆಟಗಾರ ಏನು ಬಯಸುತ್ತಾನೆ ಎಂಬುದನ್ನು ಅವರಿಂದಲೇ ತಿಳಿಯಬೇಕು. ಸೂ 2015ರಲ್ಲಿ ಮಯಾಮಿ ಡಾಲ್ಫಿನ್ಸ್ ತಂಡದಿಂದ ಆರು ವರ್ಷಗಳಿಗೆ 11.4 ಕೋಟಿ ಡಾಲರ್‌ಗಳ ಒಪ್ಪಂದ ಪಡೆದಿದ್ದವರು; ಟ್ಯಾಂಪಾ ಬೇ ತಂಡದಲ್ಲಿದ್ದಾಗ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಕೂಡ ಗೆದ್ದಿದ್ದರು. ಅಂಥವರನ್ನು ನವೆಂಬರ್‌ನಲ್ಲಿ ಮನೆಯಿಂದ ಎಬ್ಬಿಸಿ ತರಲು 8–1ರ (ಎಂಟು ಗೆಲುವು, ಒಂದು ಸೋಲು) ದಾಖಲೆಯೇ ದೊಡ್ಡ ಆಮಿಷ. 1993ರಲ್ಲಿ ಮುಕ್ತ ಮಾರುಕಟ್ಟೆ ಜಾರಿಗೆ ಬಂದ ವರ್ಷವೇ ಡಿಫೆನ್ಸಿವ್ ಲೈನ್‌ಮನ್ ರೆಜಿ ವೈಟ್ ಗ್ರೀನ್ ಬೇ ತಂಡ ಸೇರಿದಾಗ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್‌ಗಳ ಒಪ್ಪಂದ ಲೀಗನ್ನು ಬೆಚ್ಚಿಬೀಳಿಸಿತ್ತು. ಆಗ ಅವರಿಗೆ 31 ವರ್ಷ. 1997ರ ಜನವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ಅವರು ಮೂರು ಸ್ಯಾಕ್ ಮಾಡಿದರು.

ಸಹಿಯ ನಂತರ

ಒಪ್ಪಂದ ಊರ್ಜಿತವಾಗುವುದು ತಂಡದ ವೈದ್ಯರ ತಪಾಸಣೆಯಲ್ಲಿ ಉತ್ತೀರ್ಣನಾದ ಮೇಲೆ. ತಿಂಗಳುಗಟ್ಟಲೆ ಪಂದ್ಯವಾಡದ ದೇಹದ ಬಗ್ಗೆ ಅನುಮಾನವಿದ್ದರೆ ಮೊದಲು ಅಭ್ಯಾಸ ಬಳಗಕ್ಕೆ ಸೇರಿಸಿಕೊಳ್ಳುವ ದಾರಿಯೂ ಇದೆ. 2020ರಿಂದ ಅಲ್ಲಿ ಹಳಬರಿಗೂ ಜಾಗವಿದೆ, ಒಬ್ಬನನ್ನು ಋತುವಿನಲ್ಲಿ ಮೂರು ಸಲದವರೆಗೆ ಪಂದ್ಯದ ದಿನಕ್ಕಷ್ಟೇ ಮೇಲಕ್ಕೆ ತರಬಹುದು. ಆಮೇಲೆ ತರಬೇತುದಾರರು ಪಾಲಿಸಬೇಕಾದ ನಿಯಮ ಒಂದೇ: ಮೊದಲು ಹಾಕಿದ ಸ್ನ್ಯಾಪ್ ಲೆಕ್ಕವನ್ನು ಮೀರಬಾರದು. ಹಿರಿಯ ಒಂದು ಪಂದ್ಯದಲ್ಲಿ ಮಿಂಚಿದನೆಂದು ಮರುವಾರ ನಲವತ್ತೈದು ಸ್ನ್ಯಾಪ್ ಆಡಿಸುವ ಆಸೆ ಎಲ್ಲರಿಗೂ ಬರುತ್ತದೆ.

ಈಗಲ್ಸ್ ಆ ಆಸೆಗೆ ಬೀಳಲಿಲ್ಲ. ಡಿಸೆಂಬರ್ 4ರ ಹೊತ್ತಿಗೆ ಡೇವಿಸ್ ಮರಳಿದರು, ಸರದಿ ಇನ್ನಷ್ಟು ಉದ್ದವಾಯಿತು. ಅಂದು ಎದುರಾದದ್ದು ಟೆನೆಸ್ಸಿ ಟೈಟನ್ಸ್, ಅವರ ಬಳಿ ಇದ್ದದ್ದು ಲೀಗ್‌ನ ಅತಿ ಬಲಿಷ್ಠ ಓಟಗಾರರಲ್ಲೊಬ್ಬರಾದ ಡೆರಿಕ್ ಹೆನ್ರಿ. ಅವರು 11 ಬಾರಿ ಓಡಿ ಗಳಿಸಿದ್ದು 30 ಯಾರ್ಡ್. ಈಗಲ್ಸ್ 35–10ರಿಂದ ಗೆದ್ದಿತು. ಆ ಋತುವಿನಲ್ಲಿ ತಂಡದ ಒಟ್ಟು ಸ್ಯಾಕ್‌ಗಳು 70. ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ ಮಾತ್ರ ಅದೇ ಸಾಲು ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್‌ನನ್ನು ಒಮ್ಮೆಯೂ ಕೆಡವಲಾರದೆ 38–35ರಿಂದ ಸೋತಿತು. ಜೋಸೆಫ್ ಮತ್ತೆ ಮನೆಗೆ ಹೋದರು. ಮುಂದಿನ ಋತುವಿನ ನಡುವೆ ಬಫಲೊ ಬಿಲ್ಸ್ ತಂಡದ ನಡುಸಾಲಿನಲ್ಲಿ ಒಬ್ಬರು ಗಾಯಗೊಂಡಾಗ 35ರ ಅವರಿಗೆ ಮತ್ತೊಮ್ಮೆ ಕರೆ ಬಂತು, ಅಂಥವೇ ಕೆಲವು ಸ್ನ್ಯಾಪ್‌ಗಳಿಗಾಗಿ.