ಎಂಟು ಕೋರ್‌ಗಳನ್ನು ಒಂದೊಂದಾಗಿ ಅರಿತದ್ದು: ನನ್ನ ಅನುಭವ

2024ರ ಆಗಸ್ಟ್ 8ರಂದು ಚಿಪ್ ಕಂಪನಿ ಎಎಂಡಿಯ ರೈಜೆನ್ 9000 ಸರಣಿಯ ಮೊದಲ ಎರಡು ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಎಂಟು ಕೋರ್‌ಗಳ, ಅಂದರೆ ಲೆಕ್ಕ ಮಾಡುವ ಎಂಟು ಘಟಕಗಳಿರುವ, 9700ಎಕ್ಸ್ ಅನ್ನು ನಾನು ಸೆಪ್ಟೆಂಬರ್ ಮೊದಲ ವಾರದಲ್ಲಿಯೇ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು, ರಾತ್ರಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ತೀರ್ಥಹಳ್ಳಿಗೆ ತಂದೆ. ಯಕ್ಷಗಾನ, ತಾಳಮದ್ದಳೆಗಳನ್ನು ರಾತ್ರಿಯಿಡೀ ಚಿತ್ರೀಕರಿಸಿ, ಸಂಕಲಿಸಿ ಕೊಡುವುದು ನನ್ನ ವೃತ್ತಿ. ಪ್ರೊಸೆಸರ್‌ನಿಂದ ಅದರ ಕೊನೆಯ ಹನಿ ಶಕ್ತಿಯನ್ನೂ ಪಡೆಯುವುದು ಇಪ್ಪತ್ತೈದು ವರ್ಷಗಳ ಹವ್ಯಾಸ.

ಹೊಸ ಚಿಪ್ ಕುರಿತು ಆಗ ಬಂದ ವಿಮರ್ಶೆಗಳಲ್ಲಿ ಹೆಚ್ಚಿನವು ನಿರಾಸೆಯ ಮಾತನ್ನೇ ಆಡಿದ್ದವು. ಹಿಂದಿನ ಪೀಳಿಗೆಯ 7700ಎಕ್ಸ್‌ಗಿಂತ ವೇಗ ಅಷ್ಟೇನೂ ಹೆಚ್ಚಿಲ್ಲ ಎಂಬುದು ದೂರು. ನನಗೆ ಮಾತ್ರ ಆ ಅಂಕಿಗಳ ಪಕ್ಕದಲ್ಲಿದ್ದ ಇನ್ನೊಂದು ಅಂಕಿಯ ಮೇಲೆ ಕಣ್ಣು ನೆಟ್ಟಿತ್ತು. 7700ಎಕ್ಸ್ 105 ವ್ಯಾಟ್ ವರ್ಗದ್ದು, ಮದರ್‌ಬೋರ್ಡಿನ ಸಾಕೆಟ್‌ನಿಂದ 142 ವ್ಯಾಟ್‌ವರೆಗೆ ಎಳೆದುಕೊಳ್ಳಬಲ್ಲದು. 9700ಎಕ್ಸ್ ಅನ್ನು 65 ವ್ಯಾಟ್ ವರ್ಗಕ್ಕೆ ಇಳಿಸಿ, 88 ವ್ಯಾಟ್‌ಗೆ ಕಟ್ಟಿಹಾಕಲಾಗಿತ್ತು. ಚಿಪ್‌ಗೆ ಉಣ್ಣುವ ಶಕ್ತಿ ಇನ್ನೂ ಇದೆ, ಬಡಿಸಿದ್ದು ಕಡಿಮೆ ಎಂದು ನನಗೆ ಅನ್ನಿಸಿತು. ಓವರ್‌ಕ್ಲಾಕ್ ಮಾಡುವವನಿಗೆ, ಅಂದರೆ ಚಿಪ್ಪನ್ನು ನಿಗದಿತ ವೇಗಕ್ಕಿಂತ ಮೇಲೆ ಓಡಿಸುವವನಿಗೆ, ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ.

ನಾನು ಈ ವಿದ್ಯೆ ಕಲಿತದ್ದು 1999ರಲ್ಲಿ, ಶಿವಮೊಗ್ಗದಲ್ಲಿ ಓದುತ್ತಿದ್ದಾಗ, ಇಂಟೆಲ್‌ನ ಸೆಲೆರಾನ್ 300ಎ ಮೇಲೆ. ಬಸ್ ವೇಗದ ಎಷ್ಟು ಪಟ್ಟಿನಲ್ಲಿ ಚಿಪ್ ಓಡಬೇಕೆನ್ನುವ ಅದರ ಗುಣಕ 4.5ಕ್ಕೆ ಸ್ಥಿರವಾಗಿತ್ತು, ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಒಂದೇ ಬದಲಾವಣೆ, ಒಂದೂವರೆ ಪಟ್ಟು ವೇಗ. ಅಂತಹ ಲಾಭ ಈಗ ಯಾವ ಚಿಪ್‌ನಲ್ಲಿಯೂ ಇಲ್ಲ, ಏಕೆಂದರೆ ಅಂದು ನಾವು ಕೈಯಿಂದ ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ಇಂದಿನ ಪ್ರೊಸೆಸರ್ ತಾನೇ ಮಾಡಿಕೊಳ್ಳುತ್ತದೆ: ತನ್ನ ಉಷ್ಣತೆ, ವಿದ್ಯುತ್ ಮತ್ತು ಹೊರೆಯನ್ನು ಕ್ಷಣಕ್ಷಣಕ್ಕೂ ಅಳೆದು, ಅವಕಾಶವಿದ್ದಷ್ಟು ವೇಗವನ್ನು ತಾನೇ ಏರಿಸಿಕೊಳ್ಳುತ್ತದೆ. ಉಳಿದಿರುವುದು ಅದರ ಲೆಕ್ಕಾಚಾರವನ್ನೇ ತಿದ್ದುವ ಕೆಲಸ. ಇದು ಹಳೆಯದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ನನ್ನ ಮಟ್ಟಿಗೆ ಹೆಚ್ಚು ಸುಖ ಕೊಡುವಂಥದ್ದು.

ಆ ತಿದ್ದುಪಡಿಯ ಮುಖ್ಯ ಸಾಧನ ಬಯೋಸ್‌ನಲ್ಲಿರುವ, ಅಂದರೆ ಮದರ್‌ಬೋರ್ಡಿನ ಮೂಲ ತಂತ್ರಾಂಶದಲ್ಲಿರುವ, ಕರ್ವ್ ಆಪ್ಟಿಮೈಜರ್. ಇಂತಿಷ್ಟು ವೇಗಕ್ಕೆ ಇಂತಿಷ್ಟು ವೋಲ್ಟೇಜ್ ಬೇಕು ಎಂಬ ಪಟ್ಟಿಯೊಂದು ಪ್ರತಿ ಕೋರ್‌ಗೂ ಕಾರ್ಖಾನೆಯಿಂದಲೇ ಬಂದಿರುತ್ತದೆ, ಮತ್ತು ಆ ಪಟ್ಟಿಯಲ್ಲಿ ಎಚ್ಚರಿಕೆಗೆಂದು ಒಂದಿಷ್ಟು ಹೆಚ್ಚುವರಿ ವೋಲ್ಟೇಜ್ ಸೇರಿರುತ್ತದೆ. ಕರ್ವ್ ಆಪ್ಟಿಮೈಜರ್‌ನಲ್ಲಿ ಮೈನಸ್ ಸಂಖ್ಯೆ ಕೊಟ್ಟಾಗ, ಒಂದೊಂದು ಹೆಜ್ಜೆಗೂ ಸುಮಾರು 3ರಿಂದ 5 ಮಿಲಿವೋಲ್ಟ್‌ನಷ್ಟು ಆ ಹೆಚ್ಚುವರಿ ಕಡಿಮೆಯಾಗುತ್ತದೆ. ವೋಲ್ಟೇಜ್ ಇಳಿದರೆ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ಚಿಪ್ ತಾನಾಗಿಯೇ ಇನ್ನಷ್ಟು ವೇಗಕ್ಕೆ ಹೋಗುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನು ಏರಿಸುತ್ತಿದ್ದ ನನ್ನ ಪೀಳಿಗೆಯವರಿಗೆ, ಇಳಿಸಿ ಹೆಚ್ಚಿಸುವ ಈ ಕ್ರಮ ಒಗ್ಗಲು ಸ್ವಲ್ಪ ಕಾಲ ಬೇಕು.

ನಾನು ಮೊದಲು ವಿದ್ಯುತ್ ಮಿತಿಯನ್ನು 142 ವ್ಯಾಟ್‌ಗೆ ಏರಿಸಿದೆ, ಗರಿಷ್ಠ ವೇಗಕ್ಕೆ 200 ಮೆಗಾಹರ್ಟ್ಸ್ ಸೇರಿಸಿದೆ, ಎಂಟೂ ಕೋರ್‌ಗಳಿಗೆ ಒಟ್ಟಾಗಿ ಮೈನಸ್ 25 ಕೊಟ್ಟೆ. ಕೋರ್‌ಗಳಿರುವ ಸಿಲಿಕಾನ್ ತುಂಡು ಸುಮಾರು 70 ಚದರ ಮಿಲಿಮೀಟರ್, ಅಂದರೆ ಒಂದು ಅಡಿಕೆ ಹೋಳಿನಷ್ಟೂ ಇಲ್ಲ. ಅಷ್ಟು ಕಿರಿದಾದ ಜಾಗದಿಂದ ನೂರು ವ್ಯಾಟ್‌ಗೂ ಮೀರಿದ ಬಿಸಿಯನ್ನು ಹೊರಗೆಳೆಯಬೇಕು. ಎರಡು ಗೋಪುರಗಳ ಏರ್ ಕೂಲರ್, ಹೊರಗೆ ಎಡೆಬಿಡದ ಮಳೆ, ಕೋಣೆಯಲ್ಲಿ 23 ಡಿಗ್ರಿ. ವೇಗ ಅಳೆಯುವ ಸಿನೆಬೆಂಚ್ ಆರ್23 ಪರೀಕ್ಷೆಯಲ್ಲಿ 20 ಸಾವಿರದ ಆಸುಪಾಸಿನಲ್ಲಿದ್ದ ಅಂಕ 23 ಸಾವಿರ ದಾಟಿತು. ಉಷ್ಣತೆ 84 ಡಿಗ್ರಿಯಲ್ಲಿ ನಿಂತಿತು. ಈ ಚಿಪ್‌ಗೆ ನಿಗದಿಯಾದ ಮಿತಿ 95. ರಾತ್ರಿಯಿಡೀ ಪೂರ್ಣ ಹೊರೆಯಲ್ಲಿ ಓಡಿಸಿದೆ, ಒಂದು ತಪ್ಪೂ ಬರಲಿಲ್ಲ. ಕೆಲಸ ಮುಗಿಯಿತೆಂದೇ ನಂಬಿದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟು, ಪ್ರಸಂಗದ ಪದ್ಯಗಳ ಅನುಕ್ರಮವನ್ನು ಟೈಪ್ ಮಾಡಲು ಖಾಲಿ ಪುಟವೊಂದನ್ನು ತೆರೆದೆ. ಮೊದಲ ಸಾಲು ಮುಗಿಯುವ ಮೊದಲೇ ಪರದೆ ಕಪ್ಪಾಗಿ ಯಂತ್ರ ಮರುಚಾಲನೆಯಾಯಿತು. ರಾತ್ರಿಯಿಡೀ ದುಡಿದು ಸೋಲದ ಯಂತ್ರ ಒಂದು ಸಾಲು ಬರೆಯುವಾಗ ಬಿದ್ದಿತು ಎಂಬುದನ್ನು ಮನಸ್ಸು ಒಪ್ಪಲಿಲ್ಲ. ಸಹಜವಾಗಿಯೇ ನಾನು ಕರೆಂಟನ್ನು ದೂರಿದೆ. ನಮ್ಮ ಕಡೆ ಮಳೆಗಾಲದಲ್ಲಿ ಮರದ ಕೊಂಬೆ ತಂತಿಗೆ ತಾಗಿದಾಗಲೆಲ್ಲ ದೀಪ ಒಮ್ಮೆ ಮಿನುಗುತ್ತದೆ. ದೀಪಕ್ಕೆ ಅದು ಮಿನುಗು ಮಾತ್ರ, ಕಂಪ್ಯೂಟರಿಗೆ ಅದೇ ಸಾಕು. ಎಟಿಎಕ್ಸ್ ಮಾನದಂಡದ ಪವರ್ ಸಪ್ಲೈ ಒಂದು ಸರಬರಾಜು ನಿಂತ ಮೇಲೆ ಸುಮಾರು 16-17 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಮನೆಯ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಆದ್ದರಿಂದ ಮೊದಲು ಕರೆಂಟ್ ಹೋದ ಕೂಡಲೇ ಬ್ಯಾಟರಿಗೆ ಬದಲಾಗುವ ಒಂದು ಲೈನ್ ಇಂಟರಾಕ್ಟಿವ್ ಯುಪಿಎಸ್ ತಂದು ನಡುವೆ ಜೋಡಿಸಿದೆ. ಮಲೆನಾಡಿನಲ್ಲಿ ಓವರ್‌ಕ್ಲಾಕ್ ಮಾಡುವವರು ಪ್ರೊಸೆಸರ್‌ಗಿಂತ ಮೊದಲು ಇದನ್ನು ಕೊಳ್ಳಬೇಕು ಎಂದು ನಾನು ದೃಢವಾಗಿ ಹೇಳುತ್ತೇನೆ, ಏಕೆಂದರೆ ಎರಡು ಬಗೆಯ ದೋಷಗಳು ಒಂದೇ ವೇಷದಲ್ಲಿ ಬಂದಾಗ ಒಂದನ್ನು ಪೂರ್ತಿ ನಿವಾರಿಸದೆ ಇನ್ನೊಂದನ್ನು ಹುಡುಕಲಾಗದು. ಯುಪಿಎಸ್ ಬಂದ ಮೂರನೇ ದಿನ ಯಂತ್ರ ಮತ್ತೆ ಬಿದ್ದಿತು, ಅದೂ ಹಾಗೆಯೇ, ಫೋಲ್ಡರ್ ಒಂದನ್ನು ತೆರೆಯುವಾಗ. ಈ ಬಾರಿ ವಿಂಡೋಸ್ ತನ್ನ ದೋಷಗಳನ್ನು ದಾಖಲಿಸಿಡುವ ಈವೆಂಟ್ ವ್ಯೂಯರ್ ಅನ್ನು ಸಾವಧಾನವಾಗಿ ಓದಿದೆ. ಕರ್ನಲ್-ಪವರ್ 41 ಎಂಬ ದಾಖಲೆ ಎರಡೂ ಸಲ ಇತ್ತು, ಆದರೆ ಅದು ಯಂತ್ರ ಸರಿಯಾಗಿ ಮುಚ್ಚಲಿಲ್ಲ ಎಂದಷ್ಟೇ ಹೇಳುತ್ತದೆ. ಕರೆಂಟ್ ಹೋದರೂ ಅದೇ, ಕೋರ್ ತಪ್ಪಿದರೂ ಅದೇ. ಅದರ ಪಕ್ಕದಲ್ಲಿ ನಾನು ಮೊದಲ ಸಲ ಗಮನಿಸದೆ ಬಿಟ್ಟಿದ್ದ ವೀಯಾ-ಲಾಗರ್ 18 ಎಂಬ ಇನ್ನೊಂದು ದಾಖಲೆ ಇತ್ತು. ಕ್ಯಾಶ್ ಹೈರಾರ್ಕಿ ದೋಷ, ಅಂದರೆ ಪ್ರೊಸೆಸರ್‌ನೊಳಗಿನ ವೇಗದ ಸ್ಮರಣೆಯಲ್ಲಿ ತಪ್ಪು; ಪ್ರೊಸೆಸರ್ ಎಪಿಐಸಿ ಸಂಖ್ಯೆ 6. ಕರೆಂಟ್ ಹೋದಾಗ ಈ ದಾಖಲೆ ಹುಟ್ಟುವುದಿಲ್ಲ. ಎಪಿಐಸಿ ಸಂಖ್ಯೆ ಥ್ರೆಡ್‌ನ, ಅಂದರೆ ಕೆಲಸದ ಎಳೆಯ, ಗುರುತು; ಪ್ರತಿ ಕೋರ್‌ಗೆ ಎರಡು ಥ್ರೆಡ್ ಇರುವುದರಿಂದ 6 ಮತ್ತು 7 ಎಂದರೆ, ಸೊನ್ನೆಯಿಂದ ಎಣಿಸಿದಾಗ, 3ನೇ ಕೋರ್. ಎರಡೂ ದಿನ ಅದೇ ಸಂಖ್ಯೆ.

ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಹೇಳಲೇಬೇಕು. ಬರೀ ಒಂದು ಪೆಟ್ಟಿಗೆ ಎಂದುಕೊಂಡಿದ್ದುದರೊಳಗೆ ಎಂಟು ಬೇರೆ ಬೇರೆ ಸ್ವಭಾವಗಳಿವೆ ಎಂಬುದು ಆಗ ಕಣ್ಣಿಗೆ ಕಟ್ಟಿತು. ಎಎಂಡಿಯ ರೈಜೆನ್ ಮಾಸ್ಟರ್ ತಂತ್ರಾಂಶ ತೆರೆದು ನೋಡಿದರೆ 3ನೇ ಕೋರ್‌ಗೆ ನಕ್ಷತ್ರದ ಗುರುತಿತ್ತು, ಅಂದರೆ ಚಿಪ್ ತನ್ನ ಅತ್ಯುತ್ತಮ ಕೋರ್ ಎಂದು ಆರಿಸಿಕೊಂಡದ್ದು ಅದನ್ನೇ. ಹಗುರ ಕೆಲಸವೆಲ್ಲ ಮೊದಲು ಹೋಗುವುದು ಅತ್ಯುತ್ತಮ ಕೋರ್‌ಗೆ. ಉಳಿದ ಏಳು ಸುಮ್ಮನಿದ್ದಾಗ ಅದೊಂದೇ 5.7 ಗಿಗಾಹರ್ಟ್ಸ್ ಸಮೀಪಕ್ಕೆ ಜಿಗಿಯುತ್ತದೆ. ಅಂತಹ ತುದಿಯಲ್ಲಿ ಅದಕ್ಕಿರುವ ಹೆಚ್ಚುವರಿ ವೋಲ್ಟೇಜ್ ಮೊದಲೇ ಕಡಿಮೆ, ಅದನ್ನೂ ನಾನು ಕಿತ್ತುಕೊಂಡಿದ್ದೆ. ಪೂರ್ಣ ಹೊರೆಯಲ್ಲಿ ಎಂಟೂ ಕೋರ್‌ಗಳು ಕೂಡಿ 5 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ನಿಲ್ಲುವುದರಿಂದ ಆ ತುದಿಯ ಪರೀಕ್ಷೆ ನಡೆಯುವುದೇ ಇಲ್ಲ. ನನ್ನ ರಾತ್ರಿಯ ಪರೀಕ್ಷೆ ಕೂಲರ್‌ಗೆ ಪ್ರಮಾಣಪತ್ರ ಕೊಟ್ಟಿತ್ತು, ಕೋರ್‌ಗಳಿಗಲ್ಲ.

ಅಲ್ಲಿಂದ ಕೋರ್‌ಸೈಕ್ಲರ್ ಎಂಬ ತಂತ್ರಾಂಶ ಹಿಡಿದೆ. ಇದು ಭಾರೀ ಲೆಕ್ಕಗಳ ಪ್ರೈಮ್95 ಅನ್ನು ಒಮ್ಮೆಗೆ ಒಂದೇ ಕೋರ್ ಮೇಲೆ ಓಡಿಸಿ, ಬಂದ ಫಲಿತಾಂಶವನ್ನು ಮೊದಲೇ ಗೊತ್ತಿರುವ ಉತ್ತರದೊಂದಿಗೆ ತಾಳೆ ನೋಡುತ್ತದೆ. ರಾತ್ರಿಗೆ ಎರಡು ಕೋರ್‌ಗಳಂತೆ ಪರೀಕ್ಷಿಸಿ, ತಪ್ಪಿದ ಕೋರ್‌ಗೆ ಮೂರು ಹೆಜ್ಜೆ ಹಿಂದೆ ಬಂದು, ಮತ್ತೆ ಅದನ್ನೇ ಪರೀಕ್ಷಿಸುತ್ತಾ ಹೋದೆ. ಒಂದು ದಿನ ಅಪ್ಪಯ್ಯ ಜಗುಲಿಯಿಂದ ಒಳಗೆ ಬಂದು, "ರಾತ್ರಿಯಿಡೀ ಅದಕ್ಕೆ ಎಂಥ ಕೆಲಸ ಕೊಟ್ಟಿದ್ದೀಯೋ?" ಎಂದು ಕೇಳಿದರು.

"ಲೆಕ್ಕ ಮಾಡ್ತಾ ಇದೆ ಅಪ್ಪಯ್ಯ. ಉತ್ತರ ತಪ್ಪಿದ್ರೆ ಅಲ್ಲೇ ನಿಲ್ಲುತ್ತೆ."

"ಎಂಟು ಜನರಲ್ಲಿ ತಪ್ಪಿದ್ದು ಯಾರು ಅಂತ ಗೊತ್ತಾಗುತ್ತಾ?"

ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರ ಪ್ರಶ್ನೆ ಅದು. ಗೊತ್ತಾಗುತ್ತದೆ ಎಂದಾಗ, ಹಾಗಾದರೆ ಸರಿ ಎಂದು ತಲೆಯಾಡಿಸಿ ಮಲಗಲು ಹೋದರು.

ಇದೇ ಅವಧಿಯಲ್ಲಿ ಇನ್ನೊಂದು ಸಂಗತಿ ಕಲಿತೆ. ಒಂದು ಕೋರ್‌ಗೆ ಮೈನಸ್ 38 ಕೊಟ್ಟಾಗ ಅದು ಬೀಳಲಿಲ್ಲ, ಪರದೆಯ ಮೇಲೆ ವೇಗವೂ ಚೆನ್ನಾಗಿಯೇ ಕಾಣುತ್ತಿತ್ತು, ಆದರೂ ಅದರ ಅಂಕ ಕುಸಿದಿತ್ತು. ವೋಲ್ಟೇಜ್ ಸಾಲದಾದಾಗ ಚಿಪ್ ತನ್ನ ಗಡಿಯಾರದ ಬಡಿತವನ್ನು ಕ್ಷಣಮಾತ್ರ ಹಿಗ್ಗಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಯಂತ್ರದ ಅಳತೆಗಳನ್ನು ತೋರಿಸುವ ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಎಫೆಕ್ಟಿವ್ ಕ್ಲಾಕ್ ಎಂಬ ಸಾಲನ್ನು ನೋಡಿದರೆ ನಿಜವಾದ ವೇಗ ಸಿಗುತ್ತದೆ. ಬೀಳದಿರುವುದೊಂದನ್ನೇ ನೋಡಿದರೆ ಸಾಲದು, ಅಂಕವನ್ನೂ ಜೊತೆಗೇ ನೋಡಬೇಕು.

ಅಕ್ಟೋಬರ್ ಹೊತ್ತಿಗೆ 3ನೇ ಕೋರ್ ಮೈನಸ್ 8ರಲ್ಲಿ, 5ನೆಯದು ಮೈನಸ್ 12ರಲ್ಲಿ, ಉಳಿದ ಆರು ಮೈನಸ್ 22ರಿಂದ 30ರ ನಡುವೆ ನೆಲೆ ನಿಂತವು. ಮೆಮೊರಿಯನ್ನು ತಯಾರಕರೇ ಸಿದ್ಧಪಡಿಸಿಟ್ಟ 6000ದ ಎಕ್ಸ್‌ಪೋ ಪ್ರೊಫೈಲ್‌ನಲ್ಲಿ ಬಿಟ್ಟೆ. ಎರಡನ್ನೂ ಒಟ್ಟಿಗೆ ಕೆದಕಿದರೆ ತಪ್ಪು ಯಾವುದರದ್ದೆಂದು ತಿಳಿಯದು. ಇಷ್ಟು ರಾತ್ರಿಗಳು ಬೇಡವೆನ್ನುವವರಿಗೆ ಒಂದು ಸುಲಭದ ದಾರಿಯೂ ಇದೆ: ಚಿಪ್ ಬಂದ ಕೆಲವೇ ವಾರಗಳಲ್ಲಿ ಎಎಂಡಿ ತಾನೇ ಹೊಸ ಬಯೋಸ್ ಮೂಲಕ ಇದಕ್ಕೆ 105 ವ್ಯಾಟ್‌ನ ಆಯ್ಕೆ ಕೊಟ್ಟಿತು, ಮತ್ತು ಅದಕ್ಕೆ ವಾರಂಟಿ ಅನ್ವಯಿಸುತ್ತದೆ. ನಾನು ಮಾಡಿದ ತಿದ್ದುಪಡಿಗೆ ಅನ್ವಯಿಸುವುದಿಲ್ಲ.

ಮಲೆನಾಡಿನ ತೇವದ ಬಗ್ಗೆ ಹಲವರು ಕೇಳುತ್ತಾರೆ. ಗಾಳಿಯಿಂದ ತಂಪಾಗುವ ಯಂತ್ರದ ಭಾಗಗಳು ಓಡುವಾಗ ಸದಾ ಕೋಣೆಗಿಂತ ಬಿಸಿಯಾಗಿಯೇ ಇರುವುದರಿಂದ ಅವುಗಳ ಮೇಲೆ ನೀರು ಕಟ್ಟುವುದಿಲ್ಲ. ದಿನಗಟ್ಟಲೆ ಓಡಿಸದೆ ಇಟ್ಟ ಯಂತ್ರಕ್ಕೇ ಅಪಾಯ ಹೆಚ್ಚು. ಆಷಾಢದಲ್ಲಿ ಪುಸ್ತಕಕ್ಕೆ ಹಿಡಿಯುವ ಬೂಸ್ಟು ಕೇಬಲ್ಲಿನ ಬಟ್ಟೆಯ ಹೊದಿಕೆಗೂ ಹಿಡಿದದ್ದನ್ನು ಕಂಡಿದ್ದೇನೆ. ನಾನು ನನ್ನ ಯಂತ್ರವನ್ನು ಮಳೆಗಾಲದಲ್ಲಿ ದಿನಕ್ಕೆ ಒಮ್ಮೆಯಾದರೂ ಓಡಿಸುತ್ತೇನೆ.

ತೇವಕ್ಕಿಂತ ನನ್ನನ್ನು ಕಾಡಿದ್ದು ಚಳಿ. ಜನವರಿಯ ಒಂದು ಬೆಳಿಗ್ಗೆ, ಕೋಣೆ 15 ಡಿಗ್ರಿಯಲ್ಲಿದ್ದಾಗ, ಮೂರು ತಿಂಗಳು ತಪ್ಪದೆ ನಡೆದ ಯಂತ್ರ ಮತ್ತೆ ಬಿದ್ದಿತು. ಈ ಸಲ ಎಪಿಐಸಿ ಸಂಖ್ಯೆ 10, ಅಂದರೆ 5ನೇ ಕೋರ್. ತಂಪು ಹೆಚ್ಚಿದಂತೆ ಚಿಪ್ ಇನ್ನೂ ಸ್ವಲ್ಪ ಮೇಲಕ್ಕೆ ಜಿಗಿಯುತ್ತದೆ, ಮಳೆಗಾಲದ 23 ಡಿಗ್ರಿಯಲ್ಲಿ ಅದು ಮುಟ್ಟದಿದ್ದ ಎತ್ತರಕ್ಕೆ. ಮೈನಸ್ 12 ಅನ್ನು 9ಕ್ಕೆ ತಂದು, ಕಿಟಕಿ ತೆರೆದಿಟ್ಟು, ಇಬ್ಬನಿಯ ಬೆಳಗಿನಲ್ಲಿಯೇ ಆ ಕೋರ್ ಅನ್ನು ಐದು ದಿನ ಪರೀಕ್ಷಿಸಿದೆ. ಆಮೇಲೆ ಬೀಳಲಿಲ್ಲ.

ಆ ತಿಂಗಳು ಏಳು ಗಂಟೆಗಳ ಬಯಲಾಟವೊಂದರ ವಿಡಿಯೋವನ್ನು, ಅದರ ಗಾತ್ರ ಕುಗ್ಗಿಸುವ ಎಕ್ಸ್265 ತಂತ್ರಾಂಶದಿಂದ ಅಂತಿಮ ಕಡತವಾಗಿ ಮಾಡಿದೆ. ಮೂಲ ಸ್ಥಿತಿಯಲ್ಲಿ 3 ಗಂಟೆ 50 ನಿಮಿಷ ಹಿಡಿಯುತ್ತಿದ್ದ ಕೆಲಸ 3 ಗಂಟೆ 25 ನಿಮಿಷಕ್ಕೆ ಮುಗಿಯಿತು. ಮುಗಿಯುವ ತನಕ ನಾನು ಎದ್ದೇ ಇದ್ದು, ಎಂಟು ಕೋರ್‌ಗಳ ಎಂಟು ಸಾಲುಗಳನ್ನು ನೋಡುತ್ತಾ ಕುಳಿತಿದ್ದೆ. ಏಪ್ರಿಲ್‌ನಲ್ಲಿ ಕೋಣೆ 32 ಡಿಗ್ರಿಗೆ ಏರುತ್ತದೆ. ಆಗ ಪೂರ್ಣ ಹೊರೆಯ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು, ಅದಕ್ಕೆ ಚಿಪ್ ಮತ್ತು ಕೂಲರ್ ನಡುವೆ ಹಚ್ಚುವ ಥರ್ಮಲ್ ಪೇಸ್ಟಿನ ಹೊಸ ಟ್ಯೂಬ್ ಈಗಾಗಲೇ ತರಿಸಿಟ್ಟಿದ್ದೇನೆ.