ಅಟ್ಟದ ಮೇಲಿನ ಹಳೇ ಏರ್‌ಗನ್ನನ್ನು ಗುರಿ ಅಭ್ಯಾಸಕ್ಕೆ ಸಿದ್ಧ ಮಾಡುವುದು ಹೇಗೆ?

ಮಿಲಿಟರಿಯ ಹಳೇ ರೈಫಲ್ ತಂದು, ಮರ ಕೆತ್ತಿ, ಕಡಿಮೆ ಖರ್ಚಿನಲ್ಲಿ ಸ್ಪೋರ್ಟಿಂಗ್ ರೈಫಲ್ ಮಾಡಿಕೊಳ್ಳುವ ಅಮೆರಿಕದ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ನಮ್ಮಲ್ಲಿ ಅದು ಆಗದ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕನ್ನು ಮಾರ್ಪಡಿಸಲು, ರಿಪೇರಿ ಮಾಡಲು ಕೂಡ ಲೈಸೆನ್ಸ್ ಬೇಕು. ಇಲ್ಲಿ ಸಿಗುವ .315 ಸ್ಪೋರ್ಟಿಂಗ್ ರೈಫಲ್ ಬ್ರಿಟಿಷ್ ಸೇನೆಯ ಹಳೇ ಲೀ-ಎನ್‌ಫೀಲ್ಡ್ ರೈಫಲ್ ವಿನ್ಯಾಸದ್ದೇ, ಆದರೆ ಅದು ಸರ್ಕಾರಿ ಕಾರ್ಖಾನೆಯಲ್ಲೇ ತಯಾರಾಗುತ್ತದೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಮೈಸೂರು, ಮಂಡ್ಯ ಕಡೆ ಎಷ್ಟೋ ಮನೆಗಳಲ್ಲಿ ಆಯುಧಪೂಜೆ ದಿನ ಕುಂಕುಮ ಇಟ್ಟು ಮತ್ತೆ ಅಟ್ಟ ಸೇರಿಸುವ ಏರ್‌ಗನ್ ಇರುತ್ತದೆ. ದಸರಾ ವಸ್ತುಪ್ರದರ್ಶನದಲ್ಲಿ ಬಲೂನ್ ಹೊಡೆಯಲು ಕೊಡುತ್ತಾರಲ್ಲ, ಆ ಜಾತಿಯದು, ನಳಿಗೆ ಮಡಚಿ ಸ್ಪ್ರಿಂಗ್ ಬಿಗಿ ಮಾಡುವಂಥದ್ದು. 4.5 ಮಿ.ಮೀ. ನಳಿಗೆ, 20 ಜೌಲ್ ಮೀರದ ಶಕ್ತಿ ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮದಂತೆ ಲೈಸೆನ್ಸ್ ಬೇಡ. ಅದನ್ನೇ ಸರಿ ಮಾಡಿಕೊಳ್ಳೋಣ.

ಮೊದಲ ಕೆಲಸ, ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಮಡಚಿ, ಒಳಗೆ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಉಳಿದಿದೆಯಾ ಅಂತ ನೋಡುವುದು. ನಳಿಗೆ ಮಡಚಿರುವಾಗ ಟ್ರಿಗರ್ ಮುಟ್ಟಲೇಬೇಡಿ. ಸ್ಪ್ರಿಂಗ್ ಅದನ್ನು ರಪ್ಪಂತ ಮೇಲಕ್ಕೆಸೆಯುತ್ತದೆ, ಬೆರಳು ಸಿಕ್ಕಿದರೆ ಮುರಿದೇ ಹೋಗಬಹುದು.

ಆಮೇಲೆ ಮರವನ್ನು ಕಬ್ಬಿಣದಿಂದ ಬೇರೆ ಮಾಡಿ. ಸಾಮಾನ್ಯವಾಗಿ ಮುಂದೆ ಎರಡೂ ಪಕ್ಕದಲ್ಲಿ ಒಂದೊಂದು, ಟ್ರಿಗರ್ ಹತ್ತಿರ ಒಂದೋ ಎರಡೋ ಸ್ಕ್ರೂ ಇರುತ್ತವೆ. ಇಲ್ಲಿಗೆ ನಿಲ್ಲಿಸಿ. ಒಳಗಿನ ಸ್ಪ್ರಿಂಗ್ ಒತ್ತಡದಲ್ಲೇ ಕೂತಿರುತ್ತದೆ, ಅದನ್ನು ಬಿಚ್ಚಲು ಬೇರೆ ಸಲಕರಣೆ ಬೇಕು, ಆ ಕೆಲಸ ಗನ್ ಅಂಗಡಿಯ ಮೆಕ್ಯಾನಿಕ್‌ಗೇ ಬಿಡಿ. ಹೊರಗಿನ ತುಕ್ಕನ್ನು ತೆಳು ಎಣ್ಣೆ ಹಚ್ಚಿ ಸಣ್ಣ ಸ್ಟೀಲ್‌ವುಲ್‌ನಿಂದ ಮೆಲ್ಲಗೆ ಉಜ್ಜಿ. ಗಾಳಿ ಒತ್ತುವ ಸಿಲಿಂಡರ್ ಒಳಗೆ ಎಣ್ಣೆ ಬಿಡಬೇಡಿ, ಒತ್ತಡದ ಬಿಸಿಗೆ ಅದು ಹೊತ್ತಿಕೊಂಡು ಸೀಲ್ ಹಾಳಾಗುತ್ತದೆ.

ಇನ್ನು ಮರ. ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಇಲ್ಲೇ, ಯಾಕಂದರೆ ಬಂದೂಕಿನ ಶಕ್ತಿಗಿಂತ ಅದು ನಿಮ್ಮ ಮೈಗೆ ಹೊಂದುವುದು ಮುಖ್ಯ. ಮೊಣಕೈ ಮಡಚಿ, ಬಂದೂಕಿನ ಹಿಂಬದಿಯನ್ನು ಮಡಿಕೆಗೆ ಒತ್ತಿ ಹಿಡಿಯಿರಿ. ತೋರುಬೆರಳು ಟ್ರಿಗರ್‌ಗೆ ಆರಾಮಾಗಿ ಎಟುಕಬೇಕು. ದೊಡ್ಡವರಿಗೆ ಹಿಂಬದಿಯಿಂದ ಟ್ರಿಗರ್‌ವರೆಗಿನ ಈ ಅಳತೆ 13ರಿಂದ 14 ಇಂಚಿನ ಆಸುಪಾಸು ಬರುತ್ತದೆ. ಗಿಡ್ಡವಾದರೆ ಹಿಂದೆ ಮರದ ತುಂಡು ಅಥವಾ ರಬ್ಬರ್ ಪ್ಯಾಡ್ ಸೇರಿಸಿ, ಉದ್ದವಾದರೆ ಸ್ವಲ್ಪ ಸ್ವಲ್ಪವೇ ಕೊಯ್ಯಿಸಿ. ಈಗ ಕಣ್ಣು ಮುಚ್ಚಿ ಕೆನ್ನೆ ಒರಗಿಸಿ, ಕಣ್ಣು ಬಿಟ್ಟಾಗ ಅದು ಸೈಟಿನ (ನಳಿಗೆ ಮೇಲೆ ಗುರಿ ನೋಡುವ ಕಚ್ಚು) ನೇರಕ್ಕೆ ಬರದೆ ಕೆಳಗಿದ್ದರೆ ಕೆನ್ನೆ ಕೂರುವ ಜಾಗಕ್ಕೆ ಫೋಮ್ ಇಟ್ಟು ಚರ್ಮ ಸುತ್ತಿ. ಊರಿನ ಒಳ್ಳೇ ಮರಗೆಲಸದವರಿಗೆ ಇದು ದೊಡ್ಡ ಕೆಲಸವೇ ಅಲ್ಲ.

ಅಳತೆ ಸರಿಯಾದ ಮೇಲೆ 120, 240, 400 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಮರದ ಎಳೆಯ ದಿಕ್ಕಿಗೇ ಉಜ್ಜಿ. ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ಎಣ್ಣೆ ಹತ್ತಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ.

ಮತ್ತೆ ಜೋಡಿಸುವಾಗ ಎಲ್ಲ ಸ್ಕ್ರೂ ಬಿಗಿ ಇರಲಿ. ಗುರಿ ಚೆದುರುವುದಕ್ಕೆ ಸಡಿಲ ಸ್ಕ್ರೂಗಳೇ ಎಷ್ಟೋ ಸಲ ಕಾರಣ.

ಅಭ್ಯಾಸಕ್ಕೆ 10 ಮೀಟರ್, ಅಂದರೆ ಸುಮಾರು 33 ಅಡಿ ಜಾಗ ಸಾಕು. 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಟಾರ್ಗೆಟ್ ಅಗಲ ಬರೀ 45.5 ಮಿ.ಮೀ., 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು ಇದೇ ದೂರದಲ್ಲಿ. ಹಿಂದೆ ಗಟ್ಟಿ ಗೋಡೆ, ಅದರ ಮುಂದೆ ಹಳೇ ಪೇಪರ್ ಒತ್ತಿ ತುಂಬಿದ ಮರದ ಪೆಟ್ಟಿಗೆ ಇರಲಿ. ಕನ್ನಡಕ ಹಾಕಿ. ಪೆಲೆಟ್ ಸೀಸದ್ದು, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಹಕ್ಕಿಗಳ ಕಡೆ ಮಾತ್ರ ಗುರಿ ಇಡಲೇಬೇಡಿ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಇರುವ ಸೀಮೆ ನಮ್ಮದು, ಹಕ್ಕಿ ಹೊಡೆಯುವುದು ಅಪರಾಧವೂ ಹೌದು.

ಚಪ್ಪಟೆ ತಲೆಯ ಪೆಲೆಟ್ ತಗೊಳ್ಳಿ, ಕಾಗದದಲ್ಲಿ ತೂತು ಸ್ಪಷ್ಟವಾಗಿ ಬೀಳುತ್ತದೆ. ಸ್ಪ್ರಿಂಗ್ ಬಂದೂಕನ್ನು ಬಿಗಿಯಾಗಿ ಹಿಡಿಯದೆ, ಅಂಗೈ ಮೇಲೆ ಸುಮ್ನೆ ಕೂರಿಸಿ ಐದು ಸಲ ಹೊಡೆಯಿರಿ. ಐದೂ ಒಂದೇ ಕಡೆ ಗುಂಪಾಗಿದ್ದು ಮಧ್ಯ ತಪ್ಪಿದ್ದರೆ, ಪೆಲೆಟ್ ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆಗೇ ಸರಿಸಿ. ಚೆದುರಿದ್ದರೆ ಸೈಟ್ ಮುಟ್ಟಬೇಡಿ. ಮೊದಲು ಸ್ಕ್ರೂ ನೋಡಿ, ಆಮೇಲೆ ಬೇರೆ ಪೆಲೆಟ್ ಹಾಕಿ ನೋಡಿ.